ಎಂಜಿನಿನ ಉಷ್ಣಸೂಚಕ ಸುಳ್ಳು ಹೇಳಿದಾಗ

ರೋಗಿಯ ಮೈ ಬಿಸಿಯಾಗಿದೆಯೇ ಎಂಬುದನ್ನು ವೈದ್ಯನು ಕೈಯಿಂದ ಮುಟ್ಟಿಯೇ ತಿಳಿಯಬಲ್ಲನು. ಆದರೂ ಉಷ್ಣಮಾಪಕವನ್ನಿಟ್ಟು ನೋಡಿದ ಮೇಲೆಯೇ ಔಷಧವನ್ನು ನಿಶ್ಚಯಿಸುತ್ತಾನೆ. ಆ ಉಷ್ಣಮಾಪಕವೇ ಕೆಟ್ಟಿದ್ದರೆ ಜ್ವರವಿಲ್ಲದವನಿಗೆ ಕಷಾಯ, ಜ್ವರವಿರುವವನಿಗೆ ಉಪೇಕ್ಷೆ! ಎಂಜಿನಿನ ವಿಷಯವೂ ಇದಕ್ಕಿಂತ ಬೇರೆಯಲ್ಲ. ಚಾಲಕನ ಎದುರಿಗಿರುವ ಉಷ್ಣಸೂಚಕದ ಮುಳ್ಳು ನಿಜವನ್ನು ಹೇಳುತ್ತಿದೆಯೇ ಎಂಬುದನ್ನು ಪರೀಕ್ಷಿಸುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ಕೊಯಮತ್ತೂರು ಯಂತ್ರಗಳ ಊರೆಂಬುದು ಸರ್ವವಿದಿತ. ಜಿ. ಡಿ. ನಾಯ್ಡು ಅವರು ೧೯೨೦ರಲ್ಲಿ ಪೊಳ್ಳಾಚಿ ಮತ್ತು ಪಳನಿಗಳ ನಡುವೆ ತಮ್ಮ ಮೊದಲ ಬಸ್ಸನ್ನು ತಾವೇ ಓಡಿಸಿದುದು ಈ ಸೀಮೆಯಲ್ಲಿಯೇ. ತಲೆಮಾರುಗಳಿಂದ ಮಗ್ಗವನ್ನೇ ನಂಬಿದ್ದ ಕನ್ನಡ ಮನೆತನಗಳ ಮಕ್ಕಳೂ ಇಂದು ಪಂಪು, ಮೋಟಾರು, ಲಾರಿಗಳ ಕೆಲಸದಲ್ಲಿ ನಿರತರಾಗಿದ್ದಾರೆ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ವಿದ್ಯುತ್ತು ನಿಂತಾಗ ನೆರವಿಗೆ ಬರುವ ಡೀಸೆಲ್ ಜನರೇಟರಿಗೂ, ದಿಂಬಂ ಘಟ್ಟದ ೨೭ ತಿರುವುಗಳನ್ನೇರಿ ಚಾಮರಾಜನಗರದ ಕಡೆಗೆ ಸಾಗುವ ಲಾರಿಗೂ, ಮಲ್ಪೆ ಮಂಗಳೂರುಗಳ ಮೀನುಗಾರರ ದೋಣಿಗೂ ಇರುವುದು ಒಂದೇ ಬಗೆಯ ಉಷ್ಣಸೂಚಕ. ಆದುದರಿಂದ ಒಂದನ್ನು ಬಲ್ಲವನು ಎಲ್ಲವನ್ನೂ ಬಲ್ಲನು.

ಮೊದಲು ಅದರ ರಚನೆಯನ್ನು ನೋಡೋಣ. ಹಳೆಯ ಮಾದರಿಯ ಸೂಚಕದಲ್ಲಿ ಬೇಗನೆ ಆವಿಯಾಗುವ ದ್ರವವನ್ನು ತುಂಬಿದ ಒಂದು ಲೋಹದ ಬುರುಡೆಯು ಎಂಜಿನಿನ ನೀರಿನಲ್ಲಿ ಮುಳುಗಿರುತ್ತದೆ. ನೀರು ಬಿಸಿಯಾದಂತೆ ಆವಿಯ ಒತ್ತಡವು ಹೆಚ್ಚಿ, ಕೂದಲಿನಂತೆ ಸಣ್ಣ ರಂಧ್ರವುಳ್ಳ ತಾಮ್ರದ ನಳಿಗೆಯ ಮೂಲಕ ಸಾಗಿ, ಸೂಚಕದೊಳಗಿನ ಬಾಗಿದ ಕೊಳವೆಯನ್ನು ಬಿಚ್ಚುತ್ತದೆ. ಅದರಿಂದ ಮುಳ್ಳು ತಿರುಗುತ್ತದೆ. ಈ ನಳಿಗೆ ಸೀಳಿದರೆ ಮುಳ್ಳು ತಣ್ಣನೆಯ ತುದಿಯಲ್ಲಿಯೇ ಮಲಗಿಬಿಡುತ್ತದೆ. ಆಗ ಸೂಚಕವನ್ನು ನಳಿಗೆಯ ಸಹಿತವಾಗಿ ಬದಲಿಸುವುದೇ ಮಾರ್ಗ.

ಎರಡನೆಯದು ವಿದ್ಯುತ್ ಸೂಚಕ. ಇದರಲ್ಲಿ ‘ಸೆಂಡರ್’ ಎಂದು ಕೆಲಸಗಾರರು ಕರೆಯುವ ಸಣ್ಣ ಗ್ರಾಹಕವು ನೀರಿನಲ್ಲಿರುತ್ತದೆ. ಬಿಸಿ ಏರಿದಂತೆ ಅದರೊಳಗಿನ ವಸ್ತುವಿನ ವಿದ್ಯುತ್ ರೋಧವು ಇಳಿಯುತ್ತದೆ. ತಣ್ಣಗಿದ್ದಾಗ ಕೆಲವು ನೂರು ಓಮ್‌ಗಳಷ್ಟಿದ್ದುದು ಕುದಿಯುವ ನೀರಿನಲ್ಲಿ ಕೆಲವೇ ಹತ್ತು ಓಮ್‌ಗಳಿಗೆ ಬರುವುದು ಸಾಮಾನ್ಯ. ರೋಧವಿಳಿದಷ್ಟೂ ಹೆಚ್ಚು ವಿದ್ಯುತ್ತು ಹರಿದು ಮುಳ್ಳು ಬಿಸಿಯ ಕಡೆಗೆ ಸರಿಯುತ್ತದೆ. ವಿದ್ಯುತ್ತು ಹಿಂದಿರುಗುವ ದಾರಿ ಎಂಜಿನಿನ ಲೋಹದ ಮೈಯೇ ಆಗಿದೆ. ಇದನ್ನೇ ‘ಅರ್ಥ್’ ಎನ್ನುವರು. ಈ ಒಂದು ತತ್ತ್ವವನ್ನು ನೆನಪಿನಲ್ಲಿಟ್ಟರೆ ಮುಂದಿನ ಪರೀಕ್ಷೆಗಳೆಲ್ಲ ತಾವಾಗಿಯೇ ತಿಳಿಯುತ್ತವೆ.

ಪರೀಕ್ಷೆಯ ಮೊದಲ ಹೆಜ್ಜೆಯೆಂದರೆ, ಸೂಚಕವನ್ನು ದೂಷಿಸುವ ಮುನ್ನ ಅದು ನಿಜ ಹೇಳುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುವುದು. ಮುಳ್ಳು ಬಿಸಿಯನ್ನು ತೋರಿದರೆ ಎಂಜಿನನ್ನು ನಿಲ್ಲಿಸಿ, ಅದು ಚೆನ್ನಾಗಿ ತಣಿದ ಮೇಲೆಯೇ ನೀರನ್ನು ನೋಡತಕ್ಕದ್ದು. ಕಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒಳಗೆ ಒತ್ತಡದಲ್ಲಿ ನೂರು ಡಿಗ್ರಿಯನ್ನೂ ಮೀರಿ ಕಾದಿರಬಹುದಾದ ನೀರು, ಮುಚ್ಚಳ ಸಡಿಲವಾದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಈ ಮಾತನ್ನು ಮಕ್ಕಳು ವಿಶೇಷವಾಗಿ ಗಮನಿಸಬೇಕು.

ನೀರು ಸರಿಯಾಗಿದ್ದರೆ ಇನ್ನೊಂದು ಸಾಕ್ಷಿಯನ್ನು ಕರೆಯಬೇಕು. ಮುಟ್ಟದೆಯೇ ಬಿಸಿಯನ್ನು ಅಳೆಯುವ ಅವಕೆಂಪು ಉಷ್ಣಮಾಪಕವು ಈಗ ಸುಲಭವಾಗಿ ದೊರೆಯುತ್ತದೆ. ಎಂಜಿನ್ ಓಡುತ್ತಿರುವಾಗ ಬೆಲ್ಟು, ಫ್ಯಾನುಗಳಿಂದ ಕೈಯನ್ನು ದೂರವಿಟ್ಟು, ಸೆಂಡರಿನ ಪಕ್ಕದ ಲೋಹವನ್ನು ಅದರಿಂದ ಅಳೆಯಬಹುದು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಇದು ಕಡಮೆ ತೋರಿಸುವುದರಿಂದ, ಎಂಜಿನ್ ತಣ್ಣಗಿರುವಾಗಲೇ ಅಲ್ಲಿ ಒಂದು ತುಂಡು ಕಪ್ಪು ಟೇಪನ್ನು ಅಂಟಿಸಿ ಅದರ ಮೇಲೆ ಅಳೆಯುವುದು ಒಳಿತು. ಆರೋಗ್ಯವಾಗಿರುವ ಬಹುತೇಕ ಎಂಜಿನುಗಳ ನೀರು ೮೦ರಿಂದ ೯೫ ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಿರುತ್ತದೆ. ಮಾಪಕವೂ ಮುಳ್ಳೂ ಒಂದೇ ಮಾತನ್ನಾಡಿದರೆ ದೋಷವಿರುವುದು ಎಂಜಿನಿನಲ್ಲಿ. ಮುಳ್ಳು ಸದಾ ಕೆಳಗೇ ಇದ್ದು ಎಂಜಿನೂ ನಿಜವಾಗಿ ತಣ್ಣಗಿದ್ದರೆ, ಥರ್ಮೋಸ್ಟಾಟ್ ತೆರೆದೇ ನಿಂತಿರುವ ಸಂಭವವುಂಟು.

ಎರಡನೆಯ ಹೆಜ್ಜೆ, ಇತರ ಸೂಚಕಗಳನ್ನು ನೋಡುವುದು. ಎಣ್ಣೆಯ ಮಟ್ಟದ ಮುಳ್ಳೂ ಜೊತೆಗೇ ತಪ್ಪು ತೋರಿದರೆ, ಅಥವಾ ದೀಪ ಹಾಕಿದೊಡನೆ ಮುಳ್ಳು ಕದಲಿದರೆ, ಸೂಚಕಫಲಕದ ಅರ್ಥ್ ತಂತಿಯೋ, ಹಳೆಯ ವಾಹನಗಳಲ್ಲಿರುವ ವೋಲ್ಟೇಜ್ ನಿಯಂತ್ರಕವೋ ಕೆಟ್ಟಿದೆಯೆಂದು ಊಹಿಸಬಹುದು.

ಮೂರನೆಯದು ತಂತಿಯ ಪರೀಕ್ಷೆ. ಒಂದೇ ತಂತಿಯ ಸೆಂಡರಿರುವ ಹಳೆಯ ಪದ್ಧತಿಯ ವಾಹನದಲ್ಲಿ ಸೆಂಡರಿನಿಂದ ತಂತಿಯನ್ನು ಬಿಡಿಸಿದರೆ ಮುಳ್ಳು ತಣ್ಣನೆಯ ತುದಿಗೆ ಇಳಿಯಬೇಕು; ತಂತಿಯನ್ನು ಕ್ಷಣಮಾತ್ರ ಎಂಜಿನಿನ ಮೈಗೆ ತಾಗಿಸಿದರೆ ಬಿಸಿಯ ತುದಿಗೆ ಏರಬೇಕು. ಎರಡೂ ಆದರೆ ಸೂಚಕ ಮತ್ತು ತಂತಿ ನಿರ್ದೋಷಿಗಳು. ಸಂದೇಹವು ಸೆಂಡರಿನ ಮೇಲೆ ಉಳಿಯುತ್ತದೆ. ತಂತಿ ಬಿಡಿಸಿದರೂ ಮುಳ್ಳು ಮೇಲೆಯೇ ಇದ್ದರೆ ತಂತಿಯು ಎಲ್ಲಿಯೋ ಸವೆದು ಲೋಹವನ್ನು ತಾಗುತ್ತಿರಬಹುದು. ಗಣಕಯಂತ್ರದ ನಿಯಂತ್ರಣವುಳ್ಳ ಹೊಸ ವಾಹನಗಳಲ್ಲಿ ಈ ಪರೀಕ್ಷೆಯನ್ನು ಮಾಡಕೂಡದು. ಅಲ್ಲಿ ತಯಾರಕರ ಕೈಪಿಡಿಯೇ ಪ್ರಮಾಣ.

ನಾಲ್ಕನೆಯದು ಸೆಂಡರಿನ ಪರೀಕ್ಷೆ. ಸೋರಬಾರದೆಂದು ಅದರ ತಿರುಪಿಗೆ ದಪ್ಪವಾಗಿ ಟೇಪು ಸುತ್ತಿದ್ದರೆ ಅರ್ಥ್ ದುರ್ಬಲವಾಗಿ ಮುಳ್ಳು ಕಡಮೆ ತೋರುತ್ತದೆ. ಬೇರೆ ಮಾದರಿಯ ಸೆಂಡರನ್ನು ಹಾಕಿದ್ದರೆ ಅದಕ್ಕೂ ಸೂಚಕಕ್ಕೂ ಹೊಂದಿಕೆಯಾಗದು. ಹೊಸದನ್ನು ಹಾಕಿದ ದಿನದಿಂದಲೇ ತಪ್ಪು ಕಂಡರೆ ಇದೇ ಕಾರಣವಿರಬಹುದು. ಸಂದೇಹವಿದ್ದರೆ ಅದನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ಉಷ್ಣಮಾಪಕದ ಜೊತೆಗೆ ತೂಗಹಾಕಿ, ಕಾಯಿಸುತ್ತ ರೋಧವನ್ನು ಅಳೆದು ಕೈಪಿಡಿಯ ಪಟ್ಟಿಯೊಡನೆ ಹೋಲಿಸಬೇಕು. ಇಲ್ಲಿ ಭೂಗೋಳದ ಒಂದು ಪಾಠವೂ ಅಡಗಿದೆ. ಎತ್ತರ ಹೆಚ್ಚಿದಂತೆ ನೀರು ಕಡಮೆ ಬಿಸಿಯಲ್ಲಿಯೇ ಕುದಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು ೪೦೦ ಮೀಟರು ಎತ್ತರದ ಕೊಯಮತ್ತೂರಿನಲ್ಲಿ ೯೮ರಿಂದ ೯೯ ಡಿಗ್ರಿಗೆ ಕುದಿಯುವ ನೀರು, ೨,೨೦೦ ಮೀಟರಿಗೂ ಎತ್ತರದ ಉದಕಮಂಡಲದಲ್ಲಿ ೯೨ರಿಂದ ೯೩ಕ್ಕೇ ಕುದಿಯುತ್ತದೆ. ಆದುದರಿಂದ ಕುದಿಯುವ ನೀರೆಂದರೆ ನೂರು ಡಿಗ್ರಿಯೆಂದು ಎಲ್ಲೆಡೆಯೂ ಭಾವಿಸಲಾಗದು. ರೇಡಿಯೇಟರಿನ ಒತ್ತಡದ ಮುಚ್ಚಳ ಶಿಥಿಲವಾದ ವಾಹನವು ಘಟ್ಟವೇರುವಾಗ ಬೇಗನೆ ಕುದಿಯುವುದಕ್ಕೆ ಇದೂ ಒಂದು ಕಾರಣ.

ದೋಣಿಗಳ ಎಂಜಿನಿನಲ್ಲಿ ಇನ್ನೆರಡು ವಿಶೇಷಗಳುಂಟು. ನಾರುಗಾಜಿನ ಅಥವಾ ಮರದ ಒಡಲು ವಿದ್ಯುತ್ತನ್ನು ಒಯ್ಯದಾದುದರಿಂದ ಸೂಚಕಕ್ಕೆ ಪ್ರತ್ಯೇಕವಾದ ಅರ್ಥ್ ತಂತಿಯೇ ಬೇಕು. ಉಪ್ಪುಗಾಳಿಗೆ ಅದರ ಜೋಡಣೆಗಳು ಕಿಲುಬು ಹಿಡಿದು ಮುಳ್ಳು ದಾರಿತಪ್ಪುತ್ತದೆ. ಇದಲ್ಲದೆ ಚುಕ್ಕಾಣಿಯ ಸ್ಥಾನಗಳು ಎರಡಿದ್ದು, ಒಂದೇ ಸೆಂಡರಿಗೆ ಎರಡು ಸೂಚಕಗಳನ್ನು ಸೇರಿಸಿದರೆ, ಅದಕ್ಕೆಂದೇ ಮಾಡಿದ ಸೆಂಡರ್ ಇಲ್ಲದ ಪಕ್ಷದಲ್ಲಿ ಎರಡೂ ತಪ್ಪು ಹೇಳುತ್ತವೆ.

ಕೊನೆಯದಾಗಿ ಅತ್ಯಂತ ಅಪಾಯಕರವಾದ ಸುಳ್ಳಿನ ಬಗೆಗೆ ಒಂದು ಮಾತು. ಘಟ್ಟದ ನಡುವೆ ನಳಿಗೆಯೊಡೆದು ನೀರೆಲ್ಲ ಸೋರಿಹೋಯಿತೆಂದು ತಿಳಿಯೋಣ. ಸೆಂಡರಿನ ಸುತ್ತ ನೀರಿಲ್ಲದೆ ಬರಿಯ ಗಾಳಿಯಿದ್ದಾಗ ಅದಕ್ಕೆ ಬಿಸಿಯು ಸರಿಯಾಗಿ ತಲಪುವುದಿಲ್ಲ. ಎಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗಿಳಿಯುತ್ತದೆ! ಚಾಲಕನು ಸಮಾಧಾನಗೊಂಡು ಮುಂದೆ ಸಾಗಿದರೆ ಪಿಸ್ಟನ್ನು ಹಿಡಿದುಕೊಂಡು, ವರ್ಷಗಳ ಉಳಿತಾಯವು ಅರ್ಧಗಂಟೆಯಲ್ಲಿ ನಷ್ಟವಾಗಬಹುದು. ಬಿಸಿಯಲ್ಲಿದ್ದ ಮುಳ್ಳು ಏರುದಾರಿಯಲ್ಲಿ ಇದ್ದಕ್ಕಿದ್ದಂತೆ ಇಳಿದರೆ ಅದನ್ನು ಶುಭವಾರ್ತೆಯೆಂದು ನಂಬದೆ ಕೂಡಲೇ ವಾಹನವನ್ನು ಬದಿಗೆ ನಿಲ್ಲಿಸತಕ್ಕದ್ದು.

ಉಪಕರಣವು ನಮ್ಮ ಸೇವಕ. ಆದರೆ ಸೇವಕನ ಮಾತನ್ನೂ ಆಗಾಗ ಒರೆಗೆ ಹಚ್ಚಿ ನೋಡುವವನೇ ಜಾಣ ಯಜಮಾನ. ಮುಳ್ಳೊಂದನ್ನೇ ನಂಬದೆ, ಅದನ್ನು ಕಡೆಗಣಿಸದೆ, ಎರಡು ಸಾಕ್ಷಿಗಳನ್ನು ಹೋಲಿಸಿ ತೀರ್ಮಾನಿಸುವುದೇ ವಿಜ್ಞಾನದ ರೀತಿ. ಈ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ಶಾಲೆಯ ಪ್ರಯೋಗಶಾಲೆಯಲ್ಲಿಯೇ ಬೆಳೆಸಿಕೊಳ್ಳಲಿ, ಮನೆಯ ಹಿರಿಯರು ಅದಕ್ಕೆ ಪ್ರೋತ್ಸಾಹವೀಯಲಿ ಎಂದು ಹಾರೈಸುತ್ತೇವೆ.