ನಿಮಗಿದು ಗೊತ್ತೆ? ಬಸಿರನ್ನು ಮೊದಲು ಹೇಳಿದ್ದು ಇಲಿ, ಆಮೇಲೆ ಕಪ್ಪೆ!
ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ ಎರಡನೇ ಗೆರೆ ಮೂಡಿಸುವುದು ಎಚ್‌ಸಿಜಿ ಎಂಬ ಹಾರ್ಮೋನು. ಮುಂದೆ ಮಾಸಾಗಿ ಬೆಳೆಯುವ ಜೀವಕೋಶಗಳೇ ಅದನ್ನು ಸ್ರವಿಸುತ್ತವೆ. ಅದು ಮೊದಲು ರಕ್ತದಲ್ಲಿ, ಆಮೇಲೆ ಮೂತ್ರದಲ್ಲಿ ಕಾಣಿಸುತ್ತದೆ.

1920ರ ದಶಕದ ಕೊನೆಗೆ ಬರ್ಲಿನ್‌ನ ಆಶ್‌ಹೈಮ್ ಮತ್ತು ಝೊಂಡೆಕ್ ಮಹಿಳೆಯರ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನಗಳ ಬಳಿಕ ಅವನ್ನು ಕೊಂದು ಅಂಡಾಶಯ ಪರೀಕ್ಷಿಸುತ್ತಿದ್ದರು. ಮುಂದೆ ಆಫ್ರಿಕಾದ ಕಪ್ಪೆಯ ಸರದಿ: ಗರ್ಭಿಣಿಯ ಮೂತ್ರ ಚುಚ್ಚಿದರೆ ಒಂದು ದಿನದೊಳಗೆ ಮೊಟ್ಟೆ! ಇಲಿಯಂತೆ ಈ ಕಪ್ಪೆ ಸಾಯಬೇಕಿರಲಿಲ್ಲ.

ಆದರೆ ಈ ಪರೀಕ್ಷೆಗಳಲ್ಲಿ ಎಚ್‌ಸಿಜಿಯ ಪ್ರಮಾಣವನ್ನು ನಿಖರವಾಗಿ ಅಳೆಯುವುದು ಕಷ್ಟವಿತ್ತು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಎಲ್‌ಎಚ್ ಹಾರ್ಮೋನು ಎಚ್‌ಸಿಜಿಯಂತೆಯೇ ಇರುವುದರಿಂದ ಪರೀಕ್ಷೆ ಮೋಸಹೋಗುತ್ತಿತ್ತು. ಎಚ್‌ಸಿಜಿಯ 'ಬೀಟಾ' ಭಾಗವನ್ನೇ ಗುರುತಿಸುವ ವಿಧಾನವನ್ನು 1972ರಲ್ಲಿ ಪ್ರಕಟಿಸಿದವರು ಅಮೆರಿಕದ ಜುಡಿತ್ ವೈಟುಕೈಟಿಸ್ ಮತ್ತು ಸಂಗಡಿಗರು. ನಿಜಕ್ಕೂ ದೊಡ್ಡ ಸಾಧನೆ. ಇಂದಿನ ಲ್ಯಾಬ್ ವರದಿಯ 'ಬೀಟಾ ಎಚ್‌ಸಿಜಿ' ಅದೇ.

ಬಸಿರಿನ ಆರಂಭದಲ್ಲಿ ಇದರ ಪ್ರಮಾಣ ಸುಮಾರು ಎರಡು-ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ. 8ರಿಂದ 11ನೇ ವಾರದಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಹೀಗಾಗಿ ಒಂದೇ ಅಂಕಿ ನೋಡಿ ಹೆದರಬೇಡಿ, ಏರಿಳಿತವೇ ಮುಖ್ಯ. ಆದರೆ ಎರಡು ಗೆರೆ ಬಂದ ಮೇಲೆ ಹೊಟ್ಟೆನೋವು, ರಕ್ತಸ್ರಾವ ಕಂಡರೆ ತಡಮಾಡದೆ ವೈದ್ಯರನ್ನು ಕಾಣಿ.