ತುರಿಕೆಯ ಟ್ಯೂಬ್ ಕೊಳ್ಳುವ ಮುನ್ನ

ಮಳೆಗಾಲದಲ್ಲಿ ನಮ್ಮ ಕರಾವಳಿಯ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ. ತೊಡೆಸಂದಿಯಲ್ಲಿ, ಸೊಂಟದ ಸುತ್ತ ಹುಳುಕಡ್ಡಿ ಏಳುತ್ತದೆ. ವೈದ್ಯರಿಗೆ ತೋರಿಸಲು ನಾಚಿಕೆ. ನೇರವಾಗಿ ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎನ್ನುತ್ತೇವೆ. ಹೀಗೆ ಕೈಗೆ ಬರುವ ಟ್ಯೂಬಿನಲ್ಲಿ ಅನೇಕ ಸಲ ಶಿಲೀಂಧ್ರ ನಾಶಕ, ಆಂಟಿಬಯೋಟಿಕ್ ಮತ್ತು ಸ್ಟಿರಾಯ್ಡ್ ಮೂರೂ ಬೆರೆತಿರುತ್ತವೆ.

ಎರಡು ಮೂರು ದಿನಗಳಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ಗುಣವಾಯಿತೆಂದು ತಿಳಿಯುತ್ತೇವೆ. ಆದರೆ ಸ್ಟಿರಾಯ್ಡ್ ಅಡಗಿಸಿದ್ದು ಚರ್ಮದ ಪ್ರತಿರೋಧವನ್ನು. ಶಿಲೀಂಧ್ರ ಒಳಗೊಳಗೇ ಹರಡುತ್ತದೆ, ಹಚ್ಚುವುದು ಬಿಟ್ಟ ಕೂಡಲೇ ಮತ್ತೆ ಕೆರಳುತ್ತದೆ. ಅದೇ ಟ್ಯೂಬ್ ಮತ್ತೆ ಮನೆಗೆ ಬರುತ್ತದೆ, ಮನೆಮಂದಿಯೆಲ್ಲ ಹಂಚಿಕೊಳ್ಳುವುದೂ ಉಂಟು. ಉಂಗುರದಂತಿದ್ದ ಕಲೆಯ ಆಕಾರ ಕೆಟ್ಟು, ಕೊನೆಗೆ ವೈದ್ಯರಿಗೂ ರೋಗ ಗುರುತಿಸುವುದು ಕಷ್ಟವಾಗುತ್ತದೆ.

ಮುಖದ ವಿಚಾರ ಇನ್ನೂ ದುಃಖಕರ. ಬಂಗಿಗೆಂದು ವೈದ್ಯರು ಕೆಲವೇ ವಾರಗಳಿಗೆ ಬರೆದುಕೊಡುವ, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಬೆರೆತ ಕ್ರೀಮನ್ನು ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಹಚ್ಚುವವರಿದ್ದಾರೆ. ಮದುವೆ ಗೊತ್ತಾದ ಹುಡುಗಿಗೆ ನೆರೆಮನೆಯವರೇ ಇದನ್ನು ಸೂಚಿಸುತ್ತಾರೆ. ಕ್ರಮೇಣ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ರೋಮ ಬೆಳೆಯುತ್ತದೆ, ಬಿಸಿಲಿಗೆ ಮುಖ ಉರಿಯುತ್ತದೆ. ಬಿಟ್ಟರೆ ಉರಿ ಇನ್ನೂ ಹೆಚ್ಚುವುದರಿಂದ ಬಿಡಲೂ ಆಗುವುದಿಲ್ಲ. ಬಣ್ಣದ ಮೇಲಿನ ನಮ್ಮ ವ್ಯಾಮೋಹಕ್ಕೆ ಅಂಗಡಿಯವರನ್ನು ಮಾತ್ರ ದೂರಿ ಫಲವಿಲ್ಲ.

ಹಿಂದೆ ಔಷಧ ನಿಯಮಗಳ ಶೆಡ್ಯೂಲ್ ಎಚ್‌ನಲ್ಲಿ ಹಚ್ಚುವ ಔಷಧಗಳಿಗೆ ವಿನಾಯಿತಿ ಇತ್ತು. ಚರ್ಮವೈದ್ಯರು ಒತ್ತಾಯಿಸಿದ ಬಳಿಕ 2018ರಲ್ಲಿ ಕೇಂದ್ರ ಸರಕಾರ 14 ಸ್ಟಿರಾಯ್ಡ್‌ಗಳಿಗೆ ಆ ವಿನಾಯಿತಿಯನ್ನು ತೆಗೆದುಹಾಕಿತು. ವೈದ್ಯರ ಚೀಟಿ ಇಲ್ಲದೆ ಅವುಗಳನ್ನು ಮಾರುವಂತಿಲ್ಲ. ಆದರೂ ಕೇಳಿದರೆ ಸಿಗುತ್ತದೆ ಎಂಬುದು ನಮಗೆಲ್ಲ ತಿಳಿದದ್ದೇ.

ಹಾಗೆಂದು ಸ್ಟಿರಾಯ್ಡ್ ಎಂಬ ಹೆಸರಿಗೇ ಹೆದರಬೇಕಾಗಿಲ್ಲ. ಇಸುಬು, ಸೋರಿಯಾಸಿಸ್ ಇರುವವರಿಗೆ ಇದು ಒಳ್ಳೆಯ ಔಷಧ. ಹೆದರಿ ನಿಲ್ಲಿಸಿ ಮಕ್ಕಳನ್ನು ರಾತ್ರಿಯಿಡೀ ತುರಿಸಿಕೊಳ್ಳಲು ಬಿಡುವುದೂ ತಪ್ಪೇ. ಆಯ್ಕೆ ಮಾತ್ರ ಸರಿಯಾಗಿರಬೇಕು. ಟ್ಯೂಬಿನ ಮೇಲಿನ ಶೇಕಡಾ ಅಂಕೆ ನೋಡಿ ಮೋಸಹೋಗಬಾರದು: ಶೇ. 1ರ ಹೈಡ್ರೋಕಾರ್ಟಿಸೋನ್ ಸೌಮ್ಯವಾದದ್ದು, ಶೇ. 0.05ರ ಕ್ಲೋಬೆಟಾಸೋಲ್ ಅತಿ ಪ್ರಬಲ ಗುಂಪಿಗೆ ಸೇರಿದ್ದು. ಅಂಗೈ, ಅಂಗಾಲಿನ ದಪ್ಪ ಚರ್ಮಕ್ಕೆ ಬರೆದುಕೊಟ್ಟದ್ದನ್ನು ಮುಖಕ್ಕಾಗಲಿ, ಕಂಕುಳಿಗಾಗಲಿ, ಹಸುಳೆಗಾಗಲಿ ಹಚ್ಚಬಾರದು. ಒಣಗಿ ದಪ್ಪಗಾದ ಚರ್ಮಕ್ಕೆ ಮುಲಾಮು, ರಸಿಕೆ ಸೋರುವಲ್ಲಿಗೆ ಕ್ರೀಮ್, ತಲೆಗೆ ಲೋಶನ್ ಹೆಚ್ಚು ಹೊಂದುತ್ತದೆ.

ಎಷ್ಟು ಹಚ್ಚಬೇಕು? ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ ಆಗುತ್ತದೆ. ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು.

ತಿಂಗಳುಗಳಿಂದ ಹಚ್ಚುತ್ತಿರುವವರು ತಾವಾಗಿಯೇ ಒಮ್ಮೆಲೇ ನಿಲ್ಲಿಸದೆ ಚರ್ಮವೈದ್ಯರನ್ನು ಕಾಣಲಿ. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನು, ಖಾಲಿಯಾದದ್ದನ್ನೂ ಸೇರಿಸಿ, ಚೀಲದಲ್ಲಿ ಕೊಂಡೊಯ್ಯಲಿ.