ಉಸಿರಿನ ಆಟ ಲೆಕ್ಕದ ಆಟ ಆಗಿದ್ದು ಹೇಗೆ? ಕಬಡ್ಡಿ ರೇಡ್ ಬದಲಾದ ಕಥೆ

ಇವತ್ತು ಕಬಡ್ಡಿ ಬಗ್ಗೆ ಮಾತಾಡೋಣ. ಯಾರು ಗೆದ್ರು, ಯಾರು ಸೋತ್ರು ಅನ್ನೋದಲ್ಲ. ರೇಡ್ ಮಾಡೋ ರೀತಿನೇ ಯಾಕೆ ಬದಲಾಯ್ತು ಅನ್ನೋದು ಇವತ್ತಿನ ಪ್ರಶ್ನೆ.

ನಾನು ತುಮಕೂರಿನ ಶೆಟ್ಟಿಹಳ್ಳಿಯವನು. ನಮ್ಮ ಹುಡುಗರ ಫೋನ್‌ನಲ್ಲಿ ಪವನ್ ಸೆಹ್ರಾವತ್ ಹಾರೋ ರೀಲ್ಸ್, ಪರ್ದೀಪ್ ನರ್ವಾಲ್ 'ಡುಬ್ಕಿ' ಹೊಡೆಯೋ ರೀಲ್ಸ್ ತುಂಬಿವೆ. ಹಾರೋದು ಕಣ್ಣಿಗೆ ಕಾಣುತ್ತೆ. ಹಾರೋಕೆ ಮುಂಚೆ ತಲೆಯಲ್ಲಿ ಓಡೋ ಲೆಕ್ಕ ಕಾಣಲ್ಲ. ಕಾಲೇಜು ತಂಡ, ಪೊಲೀಸ್ ತಂಡ, ರೈಲ್ವೆ ತಂಡ ಅಂತ ಕನಸು ಇಟ್ಕೊಂಡಿರೋರಿಗೆ ಬೇಕಾಗಿರೋದು ಆ ಲೆಕ್ಕ.

ಮೊದಲು ಹಳೇ ಆಟ. ಮಣ್ಣಿನ ಅಂಕಣ, ಬರಿಗಾಲು, ಬಾಯಲ್ಲಿ 'ಕಬಡ್ಡಿ ಕಬಡ್ಡಿ'. ಉಸಿರು ಇರೋ ತನಕ ರೇಡ್. ಹಾಗಾಗಿ ಎದೆಯಲ್ಲಿ ದಮ್ ಇದ್ದವನಿಗೆ ಕಾಯೋ ಅವಕಾಶ ಇತ್ತು. ಎದುರಾಳಿ ಕಾಲು ಮುಂದಿಡೋ ತನಕ ಆಡಿಸ್ತಾ ಇರಬಹುದಿತ್ತು. ಏನೂ ಸಿಗದೆ ವಾಪಸ್ ಬಂದ್ರೂ ನಷ್ಟ ಇರಲಿಲ್ಲ.

2014ರಲ್ಲಿ ಪ್ರೊ ಕಬಡ್ಡಿ ಶುರುವಾಯ್ತು. ಟಿವಿಯಲ್ಲಿ ಮ್ಯಾಟ್, ಶೂ, ಜೊತೆಗೆ ಪರದೆ ಮೇಲೆ ಓಡೋ ಗಡಿಯಾರ. ಒಂದು ರೇಡ್‌ಗೆ 30 ಸೆಕೆಂಡ್, ಅಷ್ಟೇ. ಅದಕ್ಕಿಂತ ದೊಡ್ಡ ಬದಲಾವಣೆ 'ಡು ಆರ್ ಡೈ' ರೇಡ್. ಒಂದು ತಂಡ ಸತತ ಎರಡು ರೇಡ್ ಖಾಲಿ ಬಂದ್ರೆ, ಮೂರನೇದ್ರಲ್ಲಿ ಪಾಯಿಂಟ್ ತರಲೇಬೇಕು. ತರದಿದ್ರೆ ರೇಡರ್ ಔಟ್. ಕಾಯೋ ಸ್ವಾತಂತ್ರ್ಯ ಅಲ್ಲಿಗೆ ಮುಗೀತು.

ಆಟದ ತಂತ್ರ ಬದಲಾಗೋಕೆ ಎಷ್ಟೋ ಸಲ ನಿಯಮವೇ ಕಾರಣ. ಅಮೆರಿಕನ್ ಫುಟ್‌ಬಾಲ್ ನೋಡಿ. ಗುಂಪು ಕಟ್ಟಿ ನುಗ್ಗೋದೇ ಅಲ್ಲಿ ದಾಳಿ ಆಗಿತ್ತು. 1906ರಲ್ಲಿ ಚೆಂಡನ್ನ ಮುಂದಕ್ಕೆ ಎಸೆಯೋಕೆ ನಿಯಮ ಒಪ್ಪಿಗೆ ಕೊಡ್ತು. ದಶಕಗಳು ಕಳೆದಂತೆ ಆ ಎಸೆತವೇ ದಾಳಿಯ ಮುಖ್ಯ ಅಸ್ತ್ರ ಆಯ್ತು.

ಈಗ ಕಬಡ್ಡಿಯ ಒಂದು ಲೆಕ್ಕ ಹಾಕೋಣ. ಎರಡು ನಿಮಿಷ ಬಾಕಿ, ನಿಮ್ಮ ತಂಡ ಮುಂದಿದೆ, ರೇಡ್ ನಿಮ್ಮದು, ಖಾಲಿ ರೇಡ್ ಒಂದೂ ಆಗಿಲ್ಲ. ಇಬ್ಬರೂ 30 ಸೆಕೆಂಡ್ ಪೂರ್ತಿ ತಗೊಂಡ್ರೆ ಉಳಿದಿರೋದು ನಾಲ್ಕೇ ರೇಡ್. ನಿಮಗೆ ಎರಡು, ಅವರಿಗೆ ಎರಡು. ನೀವು ಎರಡೂ ಸಲ ಖಾಲಿ ಬಂದ್ರೂ ಮೂರನೇದು ಬರೋದೇ ಇಲ್ಲ. ಆದ್ರೆ ಎದುರಾಳಿ ಜಾಣನಾಗಿದ್ರೆ ಐದೇ ಸೆಕೆಂಡಿಗೆ ಬಾಕ್ ಲೈನ್ ದಾಟಿ ವಾಪಸ್ ಹೋಗ್ತಾನೆ. ನಿಮ್ಮ ಮೂವತ್ತು, ಅವರ ಐದು, ಮತ್ತೆ ಮೂವತ್ತು, ಮತ್ತೆ ಐದು: ಒಟ್ಟು 70 ಸೆಕೆಂಡ್. ಇನ್ನೂ 50 ಸೆಕೆಂಡ್ ಇದೆ, ನಿಮ್ಮ ತಲೆ ಮೇಲೆ 'ಡು ಆರ್ ಡೈ' ಕೂತಿದೆ!

ಎದುರಿಗೆ ಎಷ್ಟು ಜನ ಇದ್ದಾರೆ ಅನ್ನೋದೂ ಲೆಕ್ಕವೇ. ಆರು ಅಥವಾ ಏಳು ಜನ ಇದ್ರೆ ಮಾತ್ರ ಬೋನಸ್ ಗೆರೆ ಲೆಕ್ಕಕ್ಕೆ ಬರುತ್ತೆ. ಆದ್ರೆ ಬೋನಸ್ ಪಾಯಿಂಟ್‌ನಿಂದ ಔಟಾದ ಜೊತೆಗಾರ ಒಳಗೆ ಬರಲ್ಲ. ಎದುರಾಳಿಯನ್ನ ಔಟ್ ಮಾಡಿದ್ರೆ ಮಾತ್ರ ಬರ್ತಾನೆ. ಎದುರಿಗೆ ಮೂರು ಅಥವಾ ಅದಕ್ಕಿಂತ ಕಮ್ಮಿ ಜನ ಇದ್ರೆ ಸುಲಭ ಅನ್ಸುತ್ತೆ, ಅಲ್ವಾ? ಅಲ್ಲೇ ಅಪಾಯ. ಅವರು ಹಿಡಿದ್ರೆ 'ಸೂಪರ್ ಟ್ಯಾಕಲ್', ಎರಡು ಪಾಯಿಂಟ್ ಅವರಿಗೆ.

ಇಷ್ಟು ಒತ್ತಡ ಬಂದಾಗ ತಂಡಗಳು ಮೊದಲು ಕಂಡುಕೊಂಡ ದಾರಿ ಒಬ್ಬ ಸ್ಟಾರ್ ರೇಡರ್. 2019ರ ಜನವರಿಯ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ 38-33ರಿಂದ ಗುಜರಾತ್ ತಂಡವನ್ನ ಸೋಲಿಸ್ತು. ಅದರಲ್ಲಿ ಪವನ್ ಒಬ್ಬರದ್ದೇ 22 ಪಾಯಿಂಟ್. ಅದೇ ವರ್ಷ ಹರಿಯಾಣ ವಿರುದ್ಧ ಒಂದೇ ಪಂದ್ಯದಲ್ಲಿ 39! ನೋಡೋಕೆ ಹಬ್ಬ. ಆದ್ರೆ ಆ ಒಬ್ಬ ಬೆಂಚ್ ಮೇಲೆ ಕೂತ್ರೆ ಇಡೀ ದಾಳಿಯೇ ಕೂತಂಗೆ.

ಮುಂದಿನ ದಾರಿ ಹಂಚಿಕೊಂಡು ಆಡೋದು. 2024ರಲ್ಲಿ ಪುಣೇರಿ ಪಲ್ಟನ್ ಚಾಂಪಿಯನ್ ಆಯ್ತು. ಕೋಚ್ ನಮ್ಮ ಕರ್ನಾಟಕದ ಬಿ.ಸಿ. ರಮೇಶ್, ಅರ್ಜುನ ಪ್ರಶಸ್ತಿ ಪಡೆದ ಮಾಜಿ ಆಟಗಾರ. ಅಸ್ಲಂ ಇನಾಮ್‌ದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ಹೀಗೆ ಹಲವರು ರೇಡ್ ಮಾಡೋ ತಂಡ ಅದು. ಒಬ್ಬ ಔಟಾದ್ರೆ ಇನ್ನೊಬ್ಬ ರೆಡಿ. ಫೈನಲ್ ಸ್ಕೋರ್ 28-25. ರೀಲ್ಸ್‌ಗೆ ಕಮ್ಮಿ ಸರಕು, ಆದ್ರೆ ಕಪ್ ಅವರದ್ದು.

ನನ್ನ ಅಭಿಪ್ರಾಯ ಇಷ್ಟು. ಹಾರೋದು ಕಲೀರಿ, ಬೇಡ ಅನ್ನಲ್ಲ. ಆದ್ರೆ ಏಳು ಜನರ ಮಧ್ಯೆ ಮೊದಲ ರೇಡ್‌ನಲ್ಲೇ ಹಾರೋಕೆ ಹೋಗಿ ಸಿಕ್ಕಿಬಿದ್ರೆ, ಜೊತೆಗಾರ ಕರೆಸಿಕೊಳ್ಳೋ ತನಕ ಹೊರಗೆ ಕೂರಬೇಕು. ಆಯ್ಕೆ ಮಾಡೋರಿಗೆ ನಿಮ್ಮ ಆಟ ಕಾಣೋದಾದ್ರೂ ಹೇಗೆ? ಊರಿನ ತಂಡದಲ್ಲಿ ಹೊರಗೆ ಕೂತಿರೋ ಒಬ್ಬರಿಗೆ ಖಾಲಿ ರೇಡ್ ಎಣಿಸೋ ಕೆಲಸ ಕೊಡಿ. ಗೆರೆ ದಾಟೋಕೆ ಮುಂಚೆ ಮೂರು ವಿಷಯ ನೋಡ್ಕೊಳ್ಳಿ: ಎದುರಿಗೆ ಎಷ್ಟು ಜನ, ಇದು ಎಷ್ಟನೇ ರೇಡ್, ಗಡಿಯಾರದಲ್ಲಿ ಎಷ್ಟು ಉಳಿದಿದೆ. ಇದಕ್ಕೆ ಮ್ಯಾಟೂ ಬೇಡ, ದುಬಾರಿ ಶೂನೂ ಬೇಡ.